ಕರೆಕ್ಷನ್ ಎಷ್ಟು ಸಲ? ಸ್ವತಂತ್ರ ಡಿಸೈನರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಲೋಗೊ, ಲಗ್ನಪತ್ರಿಕೆ, ಬ್ರೋಷರ್, ಪುಸ್ತಕದ ಮುಖಪುಟ, ಮಸಾಲೆಪುಡಿ ಪೊಟ್ಟಣದ ಲೇಬಲ್ ಇಂಥ ಕೆಲಸಗಳನ್ನು ಮನೆಯಿಂದಲೋ ಸಣ್ಣ ಅಂಗಡಿಯಿಂದಲೋ ಒಬ್ಬರೇ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇವೆ. ಉತ್ತರಗಳಲ್ಲಿ ಬರುವ ಮೊತ್ತಗಳು ಲೆಕ್ಕ ಹಾಕುವ ಕ್ರಮ ತೋರಿಸಲಿಕ್ಕೆ ಮಾತ್ರ. ಅವನ್ನು ಮಾರುಕಟ್ಟೆ ದರ ಎಂದುಕೊಳ್ಳಬೇಡಿ.

## ಕೆಲಸ ಹಿಡಿಯುವ ಮುಂಚೆ

ಎಷ್ಟು ಸಲ ಕರೆಕ್ಷನ್ ಮಾಡಿಕೊಡಬೇಕು? ಎಲ್ಲರೂ ಎಷ್ಟು ಅಂತ ಒಪ್ಪಿಕೊಳ್ತಾರೆ?

ಹೆಚ್ಚಿನ ಕೆಲಸಗಳಿಗೆ ಎರಡು ಸುತ್ತು ಸಾಕು, ಲೋಗೊಗೆ ಮೂರು. ಮೊದಲ ಸುತ್ತಿನಲ್ಲಿ ದೊಡ್ಡ ವಿಷಯಗಳು ಬರುತ್ತವೆ: ವಿನ್ಯಾಸದ ದಾರಿ, ಬಣ್ಣ, ಯಾವುದು ಎಲ್ಲಿರಬೇಕು. ಎರಡನೆಯದರಲ್ಲಿ ಅಕ್ಷರ, ಅಳತೆ, ಫೋಟೊ. ಪುಟ ಹೆಚ್ಚಿರುವ ಕೆಲಸಕ್ಕೆ, ಉದಾಹರಣೆಗೆ 64 ಪುಟದ ಸ್ಮರಣ ಸಂಚಿಕೆಗೆ, ಇದರ ಜೊತೆ ಪ್ರೂಫ್ ತಿದ್ದುವುದಕ್ಕೆಂದೇ ಒಂದು ಸುತ್ತನ್ನು ಬೇರೆಯಾಗಿ ಇಡಬೇಕು. ಅದರಲ್ಲಿ ಕಾಗುಣಿತ ಬಿಟ್ಟು ಬೇರೇನೂ ಮುಟ್ಟುವಂತಿಲ್ಲ.

"ಅನ್‌ಲಿಮಿಟೆಡ್ ಕರೆಕ್ಷನ್" ಎಂದು ಜಾಹೀರಾತು ಹಾಕುವವರಿದ್ದಾರೆ. ಒಂದೇ ಟೆಂಪ್ಲೇಟಿನಲ್ಲಿ ಹೆಸರು ಬದಲಿಸಿ ಕೊಡುವ ಅಂಗಡಿಗೆ ಅದು ಗಿಟ್ಟಬಹುದು. ಹೊಸದಾಗಿ ಬಿಡಿಸಿ ಕೊಡುವವರಿಗೆ ಗಿಟ್ಟುವುದಿಲ್ಲ. ಮಿತಿ ಇಲ್ಲ ಎಂದ ಮೇಲೆ ಕ್ಲೈಂಟ್ ಯಾವುದನ್ನೂ ತೀರ್ಮಾನ ಮಾಡುವುದಿಲ್ಲ, ನೋಡೋಣ ನೋಡೋಣ ಎಂದೇ ದಿನ ಕಳೆಯುತ್ತದೆ.

"ಒಂದು ಸುತ್ತು" ಅಂದ್ರೆ ಒಂದು ಚೇಂಜ್ ಅಂತ ಅವರು, ಒಂದು ದಿನ ಅಂತ ನಾನು. ಕೊಟೇಶನ್‌ನಲ್ಲಿ ಏನಂತ ಬರೀಬೇಕು?

ಜಗಳದ ಬೇರು ಬಹುಪಾಲು ಇಲ್ಲೇ ಇರುತ್ತದೆ. ಸುತ್ತು ಎಂದರೆ ಎಷ್ಟು ಎಂದು ಅವರೂ ಕೇಳಿರುವುದಿಲ್ಲ, ನೀವೂ ಹೇಳಿರುವುದಿಲ್ಲ. ಈ ಐದಾರು ಸಾಲುಗಳನ್ನು ಕೊಟೇಶನ್‌ನಲ್ಲೇ ಹಾಕಿ:

"ಒಟ್ಟು ಮೊತ್ತ ₹15,000. ಇದರಲ್ಲಿ 3 ಮಾದರಿ, ಆರಿಸಿದ ಒಂದರ ಮೇಲೆ 2 ಸುತ್ತು ತಿದ್ದುಪಡಿ ಸೇರಿದೆ. ಎಲ್ಲ ಬದಲಾವಣೆಗಳನ್ನು ಒಟ್ಟಿಗೆ ಒಂದೇ ಪಟ್ಟಿಯಲ್ಲಿ ಕಳಿಸಿದರೆ ಅದು ಒಂದು ಸುತ್ತು. ಮಾದರಿ ಕೈಸೇರಿದ 5 ಕೆಲಸದ ದಿನಗಳೊಳಗೆ ಪಟ್ಟಿ ಬರಬೇಕು. ಒಪ್ಪಿಗೆಯಾದ ಭಾಗವನ್ನು ಮತ್ತೆ ಬದಲಿಸಿದರೆ, ಅಳತೆ ಅಥವಾ ಮ್ಯಾಟರ್ ಹೊಸದಾದರೆ ಅದು ಹೊಸ ಕೆಲಸ. ಹೆಚ್ಚುವರಿ ಸುತ್ತಿಗೆ ₹2,000. ನಮ್ಮ ಕೈತಪ್ಪಿನಿಂದ ಆದ ದೋಷ ತಿದ್ದಲು ಲೆಕ್ಕವಿಲ್ಲ."

ಕೊನೆಯ ವಾಕ್ಯವನ್ನು ಬಿಡಬೇಡಿ. ನೀವು ಕೂಡಿಸಿದ ಅಕ್ಷರ ತಪ್ಪಿದ್ದರೆ ಅದನ್ನು ಸುತ್ತಿನ ಲೆಕ್ಕಕ್ಕೆ ಹಿಡಿಯುವುದು ನ್ಯಾಯವಲ್ಲ. ಇದನ್ನು ನೀವೇ ಮೊದಲು ಬರೆದುಕೊಟ್ಟರೆ ಉಳಿದ ಷರತ್ತುಗಳನ್ನೂ ಕ್ಲೈಂಟ್ ಸಲೀಸಾಗಿ ಒಪ್ಪುತ್ತಾರೆ.

ನೆಂಟರು, ಪರಿಚಯದವರು. ಅವರಿಗೂ ಷರತ್ತು ಬರೆದುಕೊಟ್ರೆ ಬೇಜಾರು ಮಾಡ್ಕೊಳಲ್ವಾ?

ಕೊಟೇಶನ್ ಎಂಬ ಹೆಸರು ಬೇಡ, ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜ್ ಹಾಕಿ: "ಚಿಕ್ಕಪ್ಪ, ಶುಕ್ರವಾರ ಎರಡು ಮಾದರಿ ಕಳಿಸ್ತೀನಿ. ಮನೆಯವರೆಲ್ಲ ನೋಡಿ, ಬದಲಾವಣೆ ಎಲ್ಲ ಸೇರಿಸಿ ಭಾನುವಾರ ಒಂದೇ ಸಲ ಹೇಳಿಬಿಡಿ. ಸೋಮವಾರ ಪ್ರೆಸ್‌ಗೆ ಹೋಗ್ಬೇಕು." ದುಡ್ಡಿನ ಬದಲು ಪ್ರೆಸ್‌ನ ದಿನಾಂಕವೇ ಇಲ್ಲಿ ಮಿತಿ. ರಿಯಾಯಿತಿ ಕೊಡುವುದಿದ್ದರೆ ಮೊತ್ತದಲ್ಲಿ ಕೊಡಿ, ಸುತ್ತುಗಳ ಎಣಿಕೆಯಲ್ಲಿ ಬೇಡ. ಪುಕ್ಕಟೆ ಮಾಡಿಕೊಡುವ ಕೆಲಸಕ್ಕೇ ಅತಿ ಹೆಚ್ಚು ಕರೆಕ್ಷನ್ ಬರುವುದು ಎಲ್ಲ ಡಿಟಿಪಿಯವರಿಗೂ ಗೊತ್ತು.

ಮ್ಯಾಟರ್ ಇನ್ನೂ ರೆಡಿ ಇಲ್ಲ, ಡಿಸೈನ್ ಶುರು ಮಾಡಿ ಅಂತಾರೆ. ಮಾಡಲಾ?

ಲೋಗೊ ಆದರೆ ಮಾಡಿ. ಬ್ರೋಷರ್, ಪತ್ರಿಕೆ, ಲೇಬಲ್ ಆದರೆ ಬೇಡ. 40 ಪದಕ್ಕೆಂದು ಬಿಟ್ಟ ಜಾಗಕ್ಕೆ 140 ಪದ ಬರುತ್ತದೆ, ಇಡೀ ಪುಟ ಮತ್ತೆ ಕಟ್ಟಬೇಕಾಗುತ್ತದೆ, ಕ್ಲೈಂಟ್ ಕಣ್ಣಿಗೆ ಅದು "ಬರೀ ಮ್ಯಾಟರ್ ಹಾಕಿದ್ದು". ತೀರಾ ಅವಸರವಿದ್ದರೆ ಒಂದು ಪುಟದ ಮಾದರಿಯಷ್ಟೇ ಮಾಡಿ ಒಪ್ಪಿಗೆ ಪಡೆದು, ಮ್ಯಾಟರ್ ಪೂರ್ತಿ ಬಂದ ದಿನದಿಂದ ಗಡುವು ಎಣಿಸಿ. ಆಹಾರದ ಪೊಟ್ಟಣಕ್ಕಂತೂ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ನಿವ್ವಳ ತೂಕ, ಎಂಆರ್‌ಪಿ, ತಯಾರಕರ ವಿಳಾಸ ಇವಿಷ್ಟೂ ಕೈಗೆ ಬರುವ ತನಕ ಹಿಂಬದಿಯನ್ನು ಮುಟ್ಟಬೇಡಿ.

## ಕೆಲಸ ನಡೆಯುವಾಗ

ವಾಯ್ಸ್ ನೋಟ್ ಮೇಲೆ ವಾಯ್ಸ್ ನೋಟ್. ರಾತ್ರಿ ಹನ್ನೊಂದಕ್ಕೆ ಒಂದು, ಬೆಳಗ್ಗೆ ಎದ್ದ ತಕ್ಷಣ ಇನ್ನೊಂದು. ಇದನ್ನ ಹೇಗೆ ಸಂಭಾಳಿಸೋದು?

ಒಂದೊಂದು ಬಂದಾಗಲೂ ಫೈಲ್ ತೆರೆಯಬೇಡಿ. "ಕೇಳಿದೆ, ಪಟ್ಟಿಗೆ ಸೇರಿಸ್ಕೊಂಡೆ" ಎಂದಷ್ಟೇ ಉತ್ತರಿಸಿ. ಎಲ್ಲ ಮುಗಿದ ಮೇಲೆ ಸಂಖ್ಯೆ ಹಾಕಿ ಪಟ್ಟಿ ಬರೆದು ಕಳಿಸಿ: "1. ಮುಖಪುಟದ ಹಸಿರು ಇನ್ನೂ ಗಾಢ. 2. ಪುಟ 3ರ ಎರಡನೇ ಫೋಟೊ ತೆಗೆಯುವುದು. 3. ಫೋನ್ ನಂಬರ್ ಬದಲು, ಹೊಸದು ಬರಬೇಕು. ಇಷ್ಟೇ ತಾನೇ? ಸರಿ ಅಂದರೆ ನಾಳೆ ಕೆಲಸ ಶುರು." ಅವರು ಸರಿ ಎಂದ ಮೇಲೆ ಆ ಸುತ್ತಿನ ಬಾಗಿಲು ಮುಚ್ಚಿತು. ಆಮೇಲೆ ಬಂದದ್ದು ಮುಂದಿನ ಸುತ್ತಿಗೆ.

ಪಟ್ಟಿ ಬರೆಯುವಾಗ ಇನ್ನೊಂದು ಲಾಭವಿದೆ. ಸೋಮವಾರದ ನೋಟ್‌ನಲ್ಲಿ "ಹಳದಿ ಬೇಡ" ಎಂದವರು ಬುಧವಾರ "ಸ್ವಲ್ಪ ಹಳದಿ ಇರಲಿ" ಎಂದಿರುತ್ತಾರೆ. ಅದು ಕೆಲಸಕ್ಕೆ ಮುಂಚೆಯೇ ಕಣ್ಣಿಗೆ ಬೀಳುತ್ತದೆ.

ಮಾದರಿ ಕಳಿಸುವಾಗ ಫೋಟೊ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಪಿಡಿಎಫ್ ಕಳಿಸಿ. ಫೋಟೊ ಆಗಿ ಹೋದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ, ಸಣ್ಣ ಅಕ್ಷರ ಮಸುಕಾಗುತ್ತದೆ, "ಅಕ್ಷರ ಕ್ಲಿಯರ್ ಇಲ್ಲ" ಎಂಬ ಇಲ್ಲದ ಕರೆಕ್ಷನ್ ಒಂದು ಹುಟ್ಟಿಕೊಳ್ಳುತ್ತದೆ.

"ಏನೋ ಮಿಸ್ಸಿಂಗು", "ಸ್ವಲ್ಪ ರಿಚ್ ಆಗಿ ಕಾಣ್ಬೇಕು" ಅಂತಾರೆ. ಏನಂತ ತಿದ್ದೋದು?

ತಿದ್ದುವ ಮುಂಚೆ ಕೇಳಬೇಕಾದದ್ದಿದೆ. ಕ್ಲೈಂಟ್‌ಗೆ ತೊಂದರೆ ಕಾಣುತ್ತಿದೆ, ಅದರ ಹೆಸರು ಗೊತ್ತಿಲ್ಲ. ಅವರು ಹೇಳುವ ಪರಿಹಾರಕ್ಕಿಂತ ಅದರ ಹಿಂದಿರುವ ತೊಂದರೆ ನಿಮಗೆ ಮುಖ್ಯ. ಮೂರು ಪ್ರಶ್ನೆ ಕೇಳಿ: ನೋಡಿದಾಗ ಮೊದಲು ಕಣ್ಣು ಎಲ್ಲಿಗೆ ಹೋಯಿತು? ಯಾರಿಗೆ ತೋರಿಸಿದ ಮೇಲೆ ಹೀಗನ್ನಿಸಿತು? ನಿಮಗೆ ರಿಚ್ ಅನ್ನಿಸಿದ ಎರಡು ಮಾದರಿ, ಬೇಡವೇ ಬೇಡ ಅನ್ನಿಸಿದ ಒಂದು ಮಾದರಿ ಕಳಿಸುತ್ತೀರಾ? ಬೇಡವಾದದ್ದೇ ಹೆಚ್ಚು ಸುಳಿವು ಕೊಡುತ್ತದೆ.

ಪದೇ ಪದೇ ಬರುವ ಕೆಲವು ಮಾತುಗಳಿಗೆ ಸಾಮಾನ್ಯವಾಗಿ ಇರುವ ಕಾರಣಗಳಿವು. "ಲೋಗೊ ದೊಡ್ಡದು ಮಾಡಿ" ಎಂದರೆ ಬಹಳ ಸಲ ಲೋಗೊದ ಸುತ್ತ ಜಾಗವಿಲ್ಲ. ಪಕ್ಕದ ಸಾಲುಗಳನ್ನು ಸರಿಸಿ ಉಸಿರಾಡಲು ಬಿಟ್ಟರೆ ಅಳತೆ ಬದಲಿಸದೆಯೇ ಅವರು "ಹಾಂ, ಈಗ ಸರಿ" ಎನ್ನುತ್ತಾರೆ. "ರಿಚ್" ಎಂದರೆ ಒಬ್ಬರಿಗೆ ಚಿನ್ನದ ಬಣ್ಣದ ಅಂಚು, ಇನ್ನೊಬ್ಬರಿಗೆ ಖಾಲಿ ಜಾಗ ಮತ್ತು ದಪ್ಪ ಕಾಗದ, ಹಾಗಾಗಿ ಮಾದರಿ ನೋಡದೆ ಮುಟ್ಟಬೇಡಿ. "ಖಾಲಿ ಖಾಲಿ ಕಾಣ್ತಿದೆ" ಎನ್ನುವವರಿಗೆ ಕಾಗದಕ್ಕೆ ದುಡ್ಡು ಕೊಟ್ಟು ಖಾಲಿ ಬಿಡುವುದು ದಂಡ ಅನ್ನಿಸಿರುತ್ತದೆ. ಅದೇ ಪುಟವನ್ನು ತುಂಬಿಸಿದ ರೂಪವನ್ನೂ ಮಾಡಿ, ಎರಡನ್ನೂ ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು ಎರಡಡಿ ದೂರದಲ್ಲಿ ಹಿಡಿದು ನೋಡಲು ಹೇಳಿ. ಹತ್ತರಲ್ಲಿ ಏಳೆಂಟು ಜನ ಖಾಲಿ ಇದ್ದದ್ದನ್ನೇ ಆರಿಸುತ್ತಾರೆ ಎಂದರೆ ಸುಳ್ಳಾದೀತು, ಆದರೆ ಆರಿಸಿದ್ದನ್ನು ಮತ್ತೆ ಬದಲಿಸುವವರು ಕಡಿಮೆ.

ಯಜಮಾನರು ಓಕೆ ಅಂದ್ರು, ಮಾರನೇ ದಿನ ಅವರ ಮಗ ಬಂದು ಎಲ್ಲಾ ಬದಲಾಯಿಸಿ ಅಂದ. ಯಾರ ಮಾತು ಕೇಳೋದು?

ಅಡ್ವಾನ್ಸ್ ತೆಗೆದುಕೊಳ್ಳುವ ದಿನವೇ ಕೇಳಿಟ್ಟುಕೊಳ್ಳಿ: "ಕೊನೇ ಒಪ್ಪಿಗೆ ಯಾರು ಕೊಡ್ತಾರೆ? ಅವರಿಗಿಂತ ಮುಂಚೆ ಯಾರ್‍ಯಾರು ನೋಡ್ಬೇಕು?" ಒಬ್ಬರ ಹೆಸರು ಬರೆಸಿಕೊಳ್ಳಿ. ಮಗನ ಅಭಿಪ್ರಾಯ ಬೇಡವೆಂದಲ್ಲ, ಅದು ಯಜಮಾನರ ಮೂಲಕ ಪಟ್ಟಿಯಾಗಿ ಬರಲಿ. ಈಗಾಗಲೇ ಸಿಕ್ಕಿಕೊಂಡಿದ್ದರೆ ಇಬ್ಬರೂ ಇರುವ ಗ್ರೂಪ್‌ನಲ್ಲೇ ಎರಡೂ ಪಟ್ಟಿ ಹಾಕಿ, "ಇವೆರಡರಲ್ಲಿ 2 ಮತ್ತು 5 ಒಂದಕ್ಕೊಂದು ವಿರುದ್ಧ ಇವೆ ಸಾರ್, ಯಾವುದು ಇಟ್ಕೊಳ್ಳಲಿ?" ಎಂದು ಕೇಳಿ ಕಾಯಿರಿ. ನಡುವೆ ನಿಂತು ಪಂಚಾಯ್ತಿ ಮಾಡಬೇಡಿ.

ಅವರು ಹೇಳಿದ ಬದಲಾವಣೆ ಮಾಡಿದ್ರೆ ಕೆಲಸ ಕೆಡುತ್ತೆ ಅಂತ ಗೊತ್ತು. ಆದ್ರೂ ಮಾಡ್ಕೊಡ್ಲಾ?

ರುಚಿಯ ವಿಷಯವಾದರೆ ಒಂದು ಸಲ ಕಾರಣ ಹೇಳಿ, ಆಮೇಲೆ ಮಾಡಿಕೊಡಿ, ದುಡ್ಡು ಅವರದು. ಕೆಲಸವೇ ನಡೆಯದಂತಾಗುವ ವಿಷಯವಾದರೆ ಬರೆದು ತಿಳಿಸಿ: ಕೆಂಪು ಹಿನ್ನೆಲೆಯಲ್ಲಿ ನೀಲಿ ಅಕ್ಷರ ಓದಲಾಗದು, 6 ಪಾಯಿಂಟ್ ಕನ್ನಡದಲ್ಲಿ ಒತ್ತಕ್ಷರ ಮುಚ್ಚಿಹೋಗುತ್ತದೆ, 2 ಸೆಂ.ಮೀ.ಗಿಂತ ಚಿಕ್ಕದಾದ ಕ್ಯೂಆರ್ ಕೋಡ್ ಎಲ್ಲ ಫೋನ್‌ನಲ್ಲೂ ಸ್ಕ್ಯಾನ್ ಆಗದಿರಬಹುದು. ಗೂಗಲ್‌ನಿಂದ ತೆಗೆದ ಚಿತ್ರವನ್ನೋ ಇನ್ನೊಂದು ಕಂಪನಿಯ ಲೋಗೊವನ್ನೋ ಹಾಕಿ ಎಂದರೆ ಮಾತ್ರ ಖಡಾಖಂಡಿತವಾಗಿ ಇಲ್ಲ ಎನ್ನಿ.

ಫೈನಲ್, ಫೈನಲ್2, ಫೈನಲ್ ಲಾಸ್ಟ್... ಯಾವ ಫೈಲ್ ಪ್ರೆಸ್‌ಗೆ ಹೋಯ್ತು ಅಂತಾನೇ ಗೊತ್ತಾಗಲ್ಲ.

"ಫೈನಲ್" ಪದವನ್ನೇ ಬಿಡಿ. ಕ್ಲೈಂಟ್ ಹೆಸರು, ಕೆಲಸ, ಸುತ್ತು, ದಿನಾಂಕ: "ಕಾವೇರಿ-ಬ್ರೋಷರ್-ಸು2-0514" ಸಾಕು. ಪ್ರೆಸ್‌ಗೆ ಹೋದದ್ದಕ್ಕೆ ಮಾತ್ರ ಕೊನೆಗೆ "ಪ್ರೆಸ್" ಎಂದು ಸೇರಿಸಿ ಬೇರೆ ಫೋಲ್ಡರ್‌ನಲ್ಲಿಡಿ. ಹಳೆಯ ಸುತ್ತುಗಳನ್ನು ಅಳಿಸಬೇಡಿ. "ಮೊದಲನೇದೇ ಚೆನ್ನಾಗಿತ್ತು" ಎಂಬ ಮಾತು ಬಂದೇ ಬರುತ್ತದೆ.

## ಪ್ರೆಸ್‌ಗೆ ಹೋಗುವ ಹೊತ್ತು

ನನ್ನ ಸಿಸ್ಟಮ್‌ನಲ್ಲಿ ಸರಿ ಇತ್ತು, ಪ್ರಿಂಟ್ ಆಗಿ ಬಂದಾಗ ಒತ್ತಕ್ಷರ ಕಿತ್ತುಹೋಗಿದೆ. ಇದು ಯಾರ ತಪ್ಪು?

ಕನ್ನಡ ಕೆಲಸದಲ್ಲಿ ಕರೆಕ್ಷನ್‌ಗಳ ದೊಡ್ಡ ಪಾಲು ಇಲ್ಲಿಂದಲೇ ಬರುವುದು. ಕ್ಲೈಂಟ್ ಇದನ್ನು ಕಾಗುಣಿತದ ತಪ್ಪು ಎಂದುಕೊಳ್ಳುತ್ತಾರೆ, ನಿಜದಲ್ಲಿ ಫಾಂಟಿನ ತಕರಾರು. ಹಳೆಯ ನುಡಿ, ಬರಹ, ಶ್ರೀಲಿಪಿ ಆಸ್ಕಿ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ನಲ್ಲಿ ಆ ತೊಂದರೆ ಇಲ್ಲ, ಆದರೆ ಹಳೆಯ ಡಿಸೈನ್ ತಂತ್ರಾಂಶಗಳಿಗೆ ಕನ್ನಡದ ಜೋಡಣೆ ಬರುವುದಿಲ್ಲ. ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ.

ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಮೆನುವಿನಿಂದ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಇಲ್ಲಸ್ಟ್ರೇಟರ್‌ನಲ್ಲೂ ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲೂ ಟೈಪ್ ಪ್ರಿಫರೆನ್ಸ್‌ನಲ್ಲಿ ಭಾರತೀಯ ಭಾಷೆಗಳ ಆಯ್ಕೆಯನ್ನು ಆನ್ ಮಾಡಿಕೊಳ್ಳಬೇಕು. ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಮ್ಯಾಟರ್‌ನಲ್ಲಿ ಮೂರು ಕಡೆ ಕಣ್ಣಿಡಿ: ಅರ್ಕಾವತ್ತು, ಅಂಕಿಗಳು, ಮತ್ತು "ಫೇಸ್‌ಬುಕ್", "ಸಾಫ್ಟ್‌ವೇರ್" ಥರದ ಪದಗಳು. ಒತ್ತು ಕೂಡದಂತೆ ತಡೆಯುವ ಕಾಣದ ಅಕ್ಷರ ಉದುರಿದರೆ "ಫೇಸ್ಬುಕ್", "ಸಾಫ್ಟ್ವೇರ್" ಆಗಿಬಿಡುತ್ತವೆ.

ಪ್ರೆಸ್‌ಗೆ ಕೊಡುವ ಫೈಲ್‌ನಲ್ಲಿ ಅಕ್ಷರಗಳನ್ನೆಲ್ಲ ಕರ್ವ್ಸ್‌ಗೆ (ಗೆರೆಗಳ ಆಕಾರಕ್ಕೆ) ಬದಲಿಸಿ, ಇಲ್ಲವೇ ಫಾಂಟ್ ಒಳಗೇ ಸೇರಿದ ಪಿಡಿಎಫ್ ಕೊಡಿ. ಕರ್ವ್ಸ್ ಆದ ಮೇಲೆ ಅಕ್ಷರ ತಿದ್ದಲಾಗದು, ಆದ್ದರಿಂದ ತಿದ್ದಬಹುದಾದ ಪ್ರತಿ ಬೇರೆಯೇ ಇರಲಿ. ಇಷ್ಟು ಮಾಡದೆ ಒತ್ತು ಹಾರಿಹೋದರೆ ತಪ್ಪು ಡಿಸೈನರ್‌ದೇ. ನೀವು ಪಿಡಿಎಫ್ ಕೊಟ್ಟ ಮೇಲೂ ಪ್ರೆಸ್‌ನವರು ಅದನ್ನು ಕೋರೆಲ್‌ನಲ್ಲಿ ತೆರೆದು ಏನೋ ಮುಟ್ಟಿದ್ದರೆ ತಪ್ಪು ಅವರದು.

ಮೊಬೈಲ್‌ನಲ್ಲಿ ಕಂಡ ಬಣ್ಣವೇ ಬೇಕು ಅಂತ ಹಠ. ಪ್ರಿಂಟ್ ನೋಡಿ ಡಲ್ ಅಂತಾರೆ.

ಪರದೆ ಬೆಳಕು ಸೂಸುತ್ತದೆ, ಕಾಗದದ ಮೇಲಿನ ಶಾಯಿ ಸೂಸುವುದಿಲ್ಲ. ಗಿಳಿಹಸಿರು, ಕಡುಗಿತ್ತಳೆ, ಹೊಳೆಯುವ ನೀಲಿ, ರಾಣಿ ಪಿಂಕ್ ಇವೆಲ್ಲ ನಾಲ್ಕುಬಣ್ಣದ ಮುದ್ರಣದಲ್ಲಿ ಕಳೆಗುಂದುವುದು ಖಚಿತ. ಮೊದಲ ಮಾದರಿಯನ್ನೇ ಸಿಎಂವೈಕೆಯಲ್ಲಿ (ಮುದ್ರಣದ ಆ ನಾಲ್ಕು ಬಣ್ಣಗಳ ಲೆಕ್ಕದಲ್ಲಿ) ಮಾಡಿ ಕಳಿಸಿದರೆ ಆಸೆ ಹುಟ್ಟುವುದೇ ಇಲ್ಲ. ಕ್ಲೈಂಟ್ ಫೋನ್‌ನಲ್ಲಿ ರಾತ್ರಿಯ ಹಳದಿ ಬೆಳಕಿನ ಮೋಡ್ ಆನ್ ಇದೆಯೇ ಎಂದೂ ಕೇಳಿ. ಸಾವಿರಕ್ಕಿಂತ ಹೆಚ್ಚು ಪ್ರತಿಯ ಕೆಲಸಕ್ಕೆ ಅದೇ ಕಾಗದದ ಮೇಲೆ ಒಂದು ಡಿಜಿಟಲ್ ಪ್ರಿಂಟ್ ತೆಗೆದು ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಗೋಲ್ಡ್ ಫಾಯಿಲ್ ಪರದೆಯಲ್ಲಿ ತೋರಿಸಲಾಗದ ವಸ್ತು, ಹಳೆಯ ಕಾರ್ಡೊಂದನ್ನು ಮಾದರಿಗೆ ಇಟ್ಟುಕೊಂಡಿರಿ.

ಓಕೆ ಅಂದ ಮೇಲೆ ಪ್ರಿಂಟ್ ಆಯ್ತು. ಈಗ ತಪ್ಪು ಸಿಕ್ಕಿದೆ. ರೀಪ್ರಿಂಟ್ ಖರ್ಚು ಯಾರದ್ದು?

ಬರೆದ ಒಪ್ಪಿಗೆ ಇದ್ದರೆ ಕ್ಲೈಂಟ್‌ದು, ಇಲ್ಲದಿದ್ದರೆ ಬಾಯಿ ಜೋರಿಲ್ಲದವರದು. ಬರೀ ಥಂಬ್ಸ್‌ಅಪ್ ಸಾಲದು. ಅದು "ನೋಡಿದೆ" ಎಂಬುದೋ "ಒಪ್ಪಿದೆ" ಎಂಬುದೋ ಯಾರಿಗೂ ತಿಳಿಯದು. ಪೂರ್ತಿ ವಾಕ್ಯ ಬರೆಸಿ: "ಸು2-0514 ಫೈಲ್ ಪೂರ್ತಿ ಓದಿ ನೋಡಿದ್ದೇನೆ, 500 ಪ್ರತಿ ಪ್ರಿಂಟ್ ಮಾಡಿಸಿ."

ಲಗ್ನಪತ್ರಿಕೆಗೆ ಒಪ್ಪಿಗೆ ಕೇಳುವಾಗ ಏನೇನು ನೋಡಬೇಕೆಂದೂ ಹೇಳಿ, "ಒಂದ್ಸಲ ಚೆಕ್ ಮಾಡಿ" ಎಂದರೆ ಎಲ್ಲರೂ ಬಣ್ಣವನ್ನೇ ನೋಡುತ್ತಾರೆ. ದಿನಾಂಕಕ್ಕೂ ವಾರಕ್ಕೂ ಹೊಂದಿಕೆಯಿದೆಯೇ (10 ಮೇ 2026 ಎಂದಿದ್ದರೆ ಭಾನುವಾರ ಎಂದೇ ಇರಬೇಕು). ಮುಹೂರ್ತ ಮತ್ತು ಆರತಕ್ಷತೆಯ ಗಂಟೆ. ತೀರಿಕೊಂಡವರ ಹೆಸರಿನ ಹಿಂದೆ "ದಿ." ಇದೆಯೇ, ಬದುಕಿರುವವರ ಹಿಂದೆ ಅಪ್ಪಿತಪ್ಪಿ ಬಂದಿಲ್ಲವೇ. ಹಳೆಯ ಪತ್ರಿಕೆಯ ಫೈಲ್‌ನಲ್ಲಿ ಹೊಸ ಹೆಸರು ಕೂಡಿಸುವಾಗ ಆಗುವ ಅತಿ ಕೆಟ್ಟ ತಪ್ಪು ಇದು. "ಸುಖಾಗಮನ ಬಯಸುವವರು" ಪಟ್ಟಿಯಲ್ಲಿ ಯಾರೂ ಬಿಟ್ಟುಹೋಗಿಲ್ಲವೇ, ಹಿರಿಯರ ಕ್ರಮ ಸರಿ ಇದೆಯೇ. ಇದನ್ನು ಮದುಮಗನಿಗೆ ತೋರಿಸಿ ಪ್ರಯೋಜನವಿಲ್ಲ, ಎರಡೂ ಮನೆಯ ಹಿರಿಯರೊಬ್ಬರು ಓದಬೇಕು.

## ದುಡ್ಡು, ಹಕ್ಕು

ಸುತ್ತು ಮುಗಿದಿದೆ, "ಇದೊಂದೇ ಸಣ್ಣ ಚೇಂಜ್ ಸಾರ್" ಅಂತಾರೆ. ದುಡ್ಡು ಕೇಳೋಕೆ ಮುಜುಗರ.

ಕೆಲಸಕ್ಕೆ ಮುಂಚೆ ಕೇಳಿ, ಮುಗಿದ ಮೇಲೆ ಕೇಳಿದರೆ ಮುಜುಗರ ಇದ್ದೇ ಇರುತ್ತದೆ. "ಖಂಡಿತ ಮಾಡ್ಕೊಡ್ತೀನಿ. ಎರಡು ಸುತ್ತು ಮುಗಿದಿದೆ, ಇದು ಮೂರನೇದು, ₹2,000 ಆಗುತ್ತೆ. ಮುಂದುವರಿಸಲಾ?" ಅಷ್ಟೇ. ಅರ್ಧದಷ್ಟು ಸಣ್ಣ ಚೇಂಜ್‌ಗಳು ಈ ಸಾಲಿಗೇ ನಿಂತುಹೋಗುತ್ತವೆ. ಹತ್ತು ನಿಮಿಷದ ಕೆಲಸವನ್ನು ಬಿಟ್ಟುಕೊಟ್ಟರೂ ಬಿಲ್‌ನಲ್ಲಿ ತೋರಿಸಿ: "ಹೆಚ್ಚುವರಿ ತಿದ್ದುಪಡಿ ₹500, ರಿಯಾಯಿತಿ ₹500". ಸುತ್ತಿನ ದರ ನಿಗದಿಗೆ ನಿಮ್ಮ ಗಂಟೆಯ ದರ ಗೊತ್ತಿರಬೇಕು. ಗಂಟೆಗೆ ₹600 ಆದರೆ, ಕೂತು ತಿದ್ದಿ, ಮತ್ತೆ ಪಿಡಿಎಫ್ ಮಾಡಿ, ಫೋನ್‌ನಲ್ಲಿ ಮಾತಾಡುವ ಮೂರು ಗಂಟೆಗೆ ₹1,800. ಜಿಎಸ್‌ಟಿ ನೋಂದಣಿ ಇರುವವರು ಹೆಚ್ಚುವರಿ ಮೊತ್ತಕ್ಕೂ ತೆರಿಗೆ ಸೇರಿಸುವುದನ್ನು ಮರೆಯಬಾರದು.

ಕರೆಕ್ಷನ್ನೂ ಹೇಳ್ತಿಲ್ಲ, ಓಕೆನೂ ಅಂತಿಲ್ಲ, ಬ್ಯಾಲೆನ್ಸೂ ಕೊಡ್ತಿಲ್ಲ. ತಿಂಗಳಾಯ್ತು.

ಷರತ್ತಿನಲ್ಲೇ "10 ದಿನದೊಳಗೆ ಪ್ರತಿಕ್ರಿಯೆ ಬಾರದಿದ್ದರೆ ಒಪ್ಪಿಗೆ ಎಂದು ತಿಳಿದು ಬಿಲ್ ಕಳಿಸಲಾಗುವುದು" ಎಂದಿರಲಿ. ಕಾನೂನೂ ಹತ್ತಿರಹತ್ತಿರ ಇದನ್ನೇ ಹೇಳುತ್ತದೆ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೇವೆ ಕೊಟ್ಟ 15 ದಿನದೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ಅದು ಸ್ವೀಕೃತವಾದಂತೆ. ಪಾವತಿಗೆ ಒಪ್ಪಿಕೊಂಡ ಅವಧಿ 45 ದಿನ ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಇದರ ಉಪಯೋಗಕ್ಕೆ ಇಂಥ ಉದ್ದಿಮೆಗಳಿಗಾಗಿ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಬೇಕು. ಅದು ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲೇ ಆಗುತ್ತದೆ. ಕೆಲಸ ಒಪ್ಪುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ, ನೋಂದಣಿ ಸಂಖ್ಯೆಯನ್ನು ಬಿಲ್‌ನ ಮೇಲೆ ಹಾಕಿ. ದೂರು ಕೊಡುವ ಮಟ್ಟಕ್ಕೆ ಹೋಗದೆ ಆ ಸಂಖ್ಯೆಯೇ ಎಷ್ಟೋ ಅಕೌಂಟ್ಸ್ ವಿಭಾಗಗಳನ್ನು ಎಬ್ಬಿಸುತ್ತದೆ.

ಎಲ್ಲಕ್ಕಿಂತ ಗಟ್ಟಿ ಉಪಾಯ ಹಳೆಯದೇ: 50% ಅಡ್ವಾನ್ಸ್, ಉಳಿದದ್ದು ಪ್ರೆಸ್ ಫೈಲ್ ಕೊಡುವ ಮುಂಚೆ. ಅಲ್ಲಿಯವರೆಗೆ ಹೋಗುವ ಮಾದರಿಗಳಲ್ಲಿ ವಾಟರ್‌ಮಾರ್ಕ್ ಇರಲಿ.

"ಓಪನ್ ಫೈಲ್ ಕೊಟ್ಬಿಡಿ, ಮುಂದೆ ಕರೆಕ್ಷನ್ ನಾವೇ ಮಾಡ್ಕೋತೀವಿ" ಅಂತಾರೆ. ಕೊಡಬೇಕಾ?

ಓಪನ್ ಫೈಲ್ ಎಂದರೆ ತಿದ್ದಬಹುದಾದ ಮೂಲ ಫೈಲ್. ಒಪ್ಪಂದದಲ್ಲಿ ಇಲ್ಲದಿದ್ದರೆ ಕೊಡಲೇಬೇಕೆಂದಿಲ್ಲ. ಕೊಡುವುದಾದರೆ ಬೇರೆ ಬೆಲೆ ಹೇಳಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ನೌಕರಿಯಲ್ಲಿದ್ದು ಮಾಡಿದ ಕೆಲಸ ಮಾಲೀಕರದು, ಸ್ವತಂತ್ರವಾಗಿ ಮಾಡಿದ್ದು ಸಾಮಾನ್ಯವಾಗಿ ಮಾಡಿದವರದು. ದುಡ್ಡು ಕೊಟ್ಟು ತೆಗೆಸಿದ ಫೋಟೊ, ಬರೆಸಿದ ಭಾವಚಿತ್ರ ಇದಕ್ಕೆ ಹೊರತು. ಹಕ್ಕು ವರ್ಗಾಯಿಸಲು ಸಹಿಯಿರುವ ಬರಹ ಬೇಕು. ಅದರಲ್ಲಿ ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದು ಅರ್ಥ. ಲೋಗೊ ಮಾಡಿಸಿದವರಿಗೆ 5 ವರ್ಷ ಸಾಲದು, ಅವರ ಪರವಾಗಿಯೂ ಯೋಚಿಸಿ ಶಾಶ್ವತ ಎಂದೇ ಬರೆದುಕೊಡಿ. ಓಪನ್ ಫೈಲ್ ಜೊತೆ ನೀವು ಕೊಂಡ ಫಾಂಟನ್ನು ಹಂಚುವಂತಿಲ್ಲ, ಅದರ ಹೆಸರಷ್ಟೇ ತಿಳಿಸಿ.

ಅಮೆರಿಕದ ಕನ್ನಡ ಕೂಟದ ಸ್ಮರಣ ಸಂಚಿಕೆ ಮಾಡ್ತಿದ್ದೀನಿ. ಸಮಿತಿಯಲ್ಲಿ ಹತ್ತು ಜನ, ಸಮಯ ಬೇರೆ ಹಿಂದೆಮುಂದೆ. ಹೇಗೆ?

ಕ್ಯಾಲಿಫೋರ್ನಿಯಾಕ್ಕಿಂತ ನಾವು ಬೇಸಿಗೆಯಲ್ಲಿ 12.5 ಗಂಟೆ, ಚಳಿಗಾಲದಲ್ಲಿ 13.5 ಗಂಟೆ ಮುಂದೆ. ಒಂದು ಪ್ರಶ್ನೆಗೆ ಉತ್ತರ ಬರಲು ಒಂದು ದಿನ ಎಂದೇ ಗಡುವು ಹಾಕಿಕೊಳ್ಳಿ. ಪಿಡಿಎಫ್ ಒಂದನ್ನೇ ಹಂಚಿಕೊಂಡ ಡ್ರೈವ್‌ನಲ್ಲಿಟ್ಟು ಹತ್ತೂ ಜನ ಅದರ ಮೇಲೇ ಕಾಮೆಂಟ್ ಹಾಕಲಿ, ಅವರ ವಾರಾಂತ್ಯ ಮುಗಿದ ಸೋಮವಾರ ರಾತ್ರಿ ಮುಚ್ಚಲಿ, ಸಂಪಾದಕರೊಬ್ಬರು ಬೇಡದ್ದನ್ನು ಹೊಡೆದುಹಾಕಿ ಉಳಿದದ್ದನ್ನು ನಿಮಗೆ ಒಪ್ಪಿಸಲಿ. ಮೇಲ್ ಮೂಲಕ ಬಂದ ಬಿಡಿ ತಿದ್ದುಪಡಿಗಳನ್ನು ನೀವು ನೇರ ಒಪ್ಪಿಕೊಳ್ಳಬೇಡಿ. ಲೇಖಕರು ತಮ್ಮ ಲೇಖನವನ್ನು ಮತ್ತೆ ಬರೆದು ಕಳಿಸುವುದು ಇಂಥ ಸಂಚಿಕೆಗಳಲ್ಲಿ ಮಾಮೂಲು. ಲೇಔಟ್‌ಗೆ ಹೋದ ಲೇಖನದಲ್ಲಿ ಅಕ್ಷರ ತಪ್ಪು ಮಾತ್ರ ತಿದ್ದುತ್ತೇವೆ ಎಂದು ಸಂಪಾದಕರಿಂದಲೇ ಹೇಳಿಸಿ.

ಅಪ್‌ವರ್ಕ್, ಫೈವರ್‌ನಲ್ಲೂ ಇದೇ ನಿಯಮನಾ?

ಆನ್‌ಲೈನ್‌ನಲ್ಲಿ ಕೆಲಸ ಹಿಡಿಯುವ ಈ ತಾಣಗಳಲ್ಲಿ ಸುತ್ತುಗಳ ಸಂಖ್ಯೆ ನಿಮ್ಮ ಗಿಗ್ (ಸೇವೆಯ ಜಾಹೀರಾತು) ಅಥವಾ ಪ್ರಸ್ತಾವದಲ್ಲೇ ನಮೂದಾಗಿರುತ್ತದೆ. ಗಡಿಯಾರ ಮಾತ್ರ ಬೇರೆ. ಅಪ್‌ವರ್ಕ್‌ನ ನಿಗದಿತ ಮೊತ್ತದ ಕೆಲಸದಲ್ಲಿ ನೀವು ಒಪ್ಪಿಸಿದ ಮೇಲೆ ಕ್ಲೈಂಟ್‌ಗೆ ಪರಿಶೀಲನೆಗೆ 14 ದಿನ, ಫೈವರ್‌ನಲ್ಲಿ 3 ದಿನ. ಅಷ್ಟರಲ್ಲಿ ಅವರು ಏನೂ ಹೇಳದಿದ್ದರೆ ಕೆಲಸ ಒಪ್ಪಿಗೆಯಾದಂತೆ. ಆದ್ದರಿಂದ ಫೈಲನ್ನು ಚಾಟ್‌ನಲ್ಲಿ ಕೊಟ್ಟು ಸುಮ್ಮನಾಗದೆ ಒಪ್ಪಿಸುವ ಬಟನ್ ಮೂಲಕವೇ ಕೊಡಿ, ಇಲ್ಲದಿದ್ದರೆ ದಿನದ ಎಣಿಕೆ ಶುರುವೇ ಆಗುವುದಿಲ್ಲ.